ಕಡೂರಿನ ಮನೆ ಬಾಡಿಗೆಗಿದೆ

ಅಜ್ಜಂಪುರದಲ್ಲಿ ನಾವಿರುವ ಮನೆಯಲ್ಲದೆ ತರೀಕೆರೆಯಲ್ಲಿ ಒಂದು ಮಳಿಗೆ, ಕಡೂರಿನಲ್ಲಿ ಒಂದು ಮನೆ ನಮಗಿದೆ. ನಲ್ಲಿ ಸೋರಿದರೂ ಹೆಂಚು ಒಡೆದರೂ ಬಸ್ಸು ಹತ್ತಿ ಹೋಗುತ್ತಿದ್ದವಳು ನನ್ನ ಹೆಂಡತಿ ಗಿರಿಜೆ. ಅವಳ ಮೊಣಕಾಲಿನ ಮೇಲೆ ಕನಿಕರ ಹುಟ್ಟಿ ನಾನೊಂದು ಮಹತ್ವದ ನಿರ್ಣಯ ಕೈಗೊಂಡೆ. ರಿಪೇರಿ, ಬಾಡಿಗೆ ವಸೂಲಿ, ಹೊಸಬರನ್ನು ಹುಡುಕುವುದು, ಎಲ್ಲವನ್ನೂ ಬೆಂಗಳೂರಿನ ಒಂದು ಕಂಪನಿಗೆ ವಹಿಸಿಬಿಟ್ಟೆ!

“ಇನ್ಮೇಲೆ ನಾವು ಬರೀ ಮಾಲೀಕರು ಕಣೇ!”

“ಇಷ್ಟು ದಿನ ನೀವು ಇನ್ನೇನಾಗಿದ್ರಿ?” ಎಂದಳು ಗಿರಿಜೆ.

ಮರುದಿನ ಕಂಪನಿಯ ಹುಡುಗಿ ಫೋನು ಮಾಡಿದಳು. ಬಹಳ ನಯವಾದ ಮಾತು.

“ಸರ್, ಕಡೂರಿನ ಮನೆ ಸದ್ಯಕ್ಕೆ ಹೇಗಿದೆ?”

“ಅದು ಬಾಡಿಗೆಗಿದೆಯಮ್ಮ.”

“ಬಾಡಿಗೆಗಿದೆ. ಬರ್ಕೊಂಡೆ ಸರ್.”

ಅಲ್ಲಿ ಜನ ಇದ್ದಾರೆ ಎಂದು ನಾನು ಹೇಳಿದ್ದೆ. ಜನ ಬೇಕಾಗಿದ್ದಾರೆ ಎಂದು ಅವಳು ಬರೆದುಕೊಂಡಳು. ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು ಎಂಬುದು ಈ ವಯಸ್ಸಿನವರೆಗೂ ನನಗೆ ಹೊಳೆದಿರಲಿಲ್ಲ!

ಆ ಮನೆಯಲ್ಲಿದ್ದವರು ಶಾರದಮ್ಮ. ಹೆರಿಗೆಯಾದ ಮಗಳನ್ನು ಆಗಷ್ಟೇ ಕರೆತಂದಿದ್ದರು. ಕೆಲವೇ ದಿನಗಳಲ್ಲಿ ಅವರು ಗಿರಿಜೆಗೆ ಫೋನು ಮಾಡಿ, “ನಾವ್ ಖಾಲಿ ಮಾಡ್ತೀವಿ” ಎಂದರು. ಅಂಥ ಒಳ್ಳೆಯವರು ಮತ್ತೆ ಸಿಗುವುದಿಲ್ಲ. ನಾನು ಕಡೂರಿಗೆ ಓಡಿದೆ.

ಕಂಡದ್ದನ್ನಷ್ಟೇ ಬರೆಯುತ್ತೇನೆ. ಗೇಟಿನ ಮೇಲೆ ‘ಮನೆ ಬಾಡಿಗೆಗಿದೆ’ ಎಂಬ ಬೋರ್ಡು. ಒಳಗೆ, ಸಾಂಬ್ರಾಣಿ ಹೊಗೆಯ ನಡುವೆ, ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ಗೋಡೆಗೆ ಒತ್ತಿ ಕುಳಿತಿದ್ದಾಳೆ. ಯಾರೋ ಗಂಡ ಹೆಂಡತಿ ಅವಳ ಕೋಣೆಯನ್ನು ಟೇಪು ಹಿಡಿದು ಅಳೆಯುತ್ತಿದ್ದಾರೆ. ಮಗು ಕಿರುಚುತ್ತಿದೆ.

“ಬಾಣಂತಿ ಕೋಣೆ ಕಣ್ರೀ ಇದು!” ಎಂದು ಶಾರದಮ್ಮ ಕೂಗಿದರು.

“ಅವ್ರ ಪಾಡಿಗೆ ಅವ್ರು ಮಲಗ್ಲಿ ಬಿಡಿ. ನಮ್ ಮಂಚ ಹಿಡಿಸುತ್ತಾ ನೋಡ್ತಿದ್ದೀವಿ, ಅಷ್ಟೇ,” ಎಂದು ಆತ ಕೆಮ್ಮಿದ. “ಗಾಳಿ ಸಾಲ್ದು.”

“ನಡೀರಿ ಆಚೆ! ನಾನು ಮಾಲೀಕ!”

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಸುಳ್ ಹೇಳ್ಬೇಡಿ ಸಾರ್. ಮಾಲೀಕ್ರು ಈ ಕಡೆ ತಲೇನೇ ಹಾಕಲ್ಲ ಅಂತ ಕಂಪ್ನಿಯೋರೇ ಹೇಳವ್ರೆ. ನೀವೂ ಮನೆ ನೋಡಾಕ್ ಬಂದೋರು ತಾನೆ? ನಾವ್ ಮೊದ್ಲು ಬಂದಿದ್ದು!”

ಅವರಿಬ್ಬರೂ ಅಳತೆ ಮುಗಿಸಿಕೊಂಡು ಹೋದ ಮೇಲೆ ಕಂಪನಿಗೆ ಫೋನು ಮಾಡಿದೆ.

“ದೂರು ದಾಖಲಾಯ್ತು ಸರ್. ಬಂದು ನೋಡೋಕೆ ಜನ ಕಳಿಸ್ತೀವಿ.”

“ಇನ್ನು ನೋಡೋರು ಬೇಡಮ್ಮಾ!” ಎಂದು ಅರಚಿದೆ. ಮಲಗಿಸಿದ್ದ ಮಗು ಮತ್ತೆ ಎದ್ದಿತು.

ಸಂಜೆ ಗಿರಿಜೆಯೇ ಬಂದಳು. ಬಂದವಳು ಮಗುವನ್ನು ಎತ್ತಿಕೊಂಡು ಸುಮ್ಮನಾಗಿಸಿ, ಆಮೇಲೆ ಮಾತಿಗೆ ಕುಳಿತಳು. ಶಾರದಮ್ಮ ಕೊನೆಗೂ ಕರಗಿದರು.

“ಇರ್ತೀವಿ ಗಿರಿಜಕ್ಕಾ. ಆದ್ರೆ ಇನ್ಮೇಲೆ ಏನಿದ್ರೂ ನೀವೇ ಬನ್ನಿ. ನಿಮ್ಮೆಜಮಾನ್ರು ಮಾತ್ರ ಬ್ಯಾಡ.”

ಗಿರಿಜೆ ತಕ್ಷಣ ಒಪ್ಪಿದಳು. ಒಂದು ಕ್ಷಣವೂ ಯೋಚಿಸಲಿಲ್ಲ!

ಕಂಪನಿಯನ್ನು ಬಿಡಿಸಿದ್ದಾಯಿತು.

“ತರೀಕೆರೆ ಮಳಿಗೆಯನ್ನಾದರೂ ನಾನು ನೋಡಿಕೊಳ್ಳಲಾ?” ಎಂದು ಕೇಳಿದೆ.

“ಅಲ್ಲಿಯೋರು ಇನ್ನೂ ನೆಮ್ಮದಿಯಾಗಿದ್ದಾರೆ ಕಣ್ರೀ. ಬಿಟ್ಬಿಡಿ.”

ನಮ್ಮ ಆಸ್ತಿಯಲ್ಲಿ ಈಗ ಖಾಲಿ ಬಿದ್ದಿರುವುದು ನಾನೊಬ್ಬನೇ!