ಸೋಮವಾರ ರಜೆಯಿರುವ ಟ್ರ್ಯಾಕ್ಟರ್

ನನ್ನ ಸೋದರಮಾವನ ಬಳಿ ಒಂದು ಟ್ರ್ಯಾಕ್ಟರ್ ಇದೆ. ಅದಕ್ಕೆ ಪ್ರತಿ ಸೋಮವಾರ ರಜೆ. ದುಡಿದು ತಿನ್ನುವ ಮನುಷ್ಯರಿಗೇ ದೊರೆಯದ ಈ ಸೌಲಭ್ಯ ಒಂದು ಯಂತ್ರಕ್ಕೆ ಹೇಗೆ ದೊರೆಯಿತೆಂದು ತಾವು ಹುಬ್ಬೇರಿಸಬಹುದು. ಏರಿಸಿ, ನನ್ನ ಅಭ್ಯಂತರವಿಲ್ಲ. ಮಾವನ ವಿಷಯ ಮುಗಿಯುವವರೆಗೆ ಅವು ಕೆಳಗಿಳಿಯುವ ಸಂಭವವೂ ಕಡಿಮೆ!

‘ಟ್ರ್ಯಾಕ್ಟರ್’ ಎಂಬ ಪದವನ್ನು ನಾನು ಬಳಸುತ್ತಿರುವುದು ಮಾವನ ಮೇಲಿನ ಗೌರವದಿಂದ. ವಾಸ್ತವದಲ್ಲಿ ಅದು ನನ್ನ ಸೊಂಟದೆತ್ತರಕ್ಕಿದೆ. ನಾಲ್ಕು ಪುಟ್ಟ ಚಕ್ರ, ಒಂದು ಸೀಟು, ಒಂದು ಸ್ಟೀರಿಂಗು, ಮುಂದೆ ಮೂತಿಯಂಥ ಬಾನೆಟ್ಟು. ಅದು ಊರಿಗೆ ಬಂದ ದಿನ ಅರಳಿಕಟ್ಟೆಯಲ್ಲಿ ಕುಳಿತಿದ್ದವರು ಕೇಳಿದ್ದು ಒಂದೇ ಪ್ರಶ್ನೆ: “ಏನ್ಲಾ ಇದು, ಟ್ರ್ಯಾಕ್ಟ್ರು ಮರಿ ಆಕ್ಬುಟ್ಟದಾ?”

ಅದು ಬಂದುದರ ಹಿಂದೆ ಒಂದು ಗೌರಿ ಹಬ್ಬವಿದೆ. ಅಮ್ಮನ ತವರು ಮಳವಳ್ಳಿಯ ಕಡೆ, ಹೊಲಗಳ ನಡುವಿನ ಒಂಟಿ ಮನೆ. ಬಸ್ಸಿಳಿದು ನಾಲೆಯ ಏರಿಯ ಮೇಲೆ ಬಹಳ ದೂರ ನಡೆಯಬೇಕು. ಆ ಏರಿ ಆಟೋ ಬಾರದಷ್ಟು ಕಿರಿದು. ಆ ವರ್ಷ ಮಂಡ್ಯದಿಂದ ನನ್ನೊಂದಿಗೆ ಹಬ್ಬಕ್ಕೆ ಹೊರಟ ಅಮ್ಮ ಏರಿ ಶುರುವಾಗುವ ನಾಲೆಯ ಸೇತುವೆಯವರೆಗೆ ಬಂದು, ಮಂಡಿನೋವು ತಾಳಲಾರದೆ ಅಲ್ಲೇ ಕುಳಿತುಬಿಟ್ಟಳು. ಬೈಕಿನ ಮೇಲೆ ಕೂರಲು ಮಂಡಿ ಮಡಿಯುವುದಿಲ್ಲ. ಸುದ್ದಿ ತಿಳಿದು ಮಾವ ಓಡಿಬಂದ.

“ಕುರ್ಚಿ ತರುಸ್ತೀನಿ ಕಣಕ್ಕ. ನಾಕ್ ಜನ ಒತ್ಕಂಡೋಯ್ತೀವಿ.”

“ನಾನೇನು ಎಣವೇನ್ಲಾ, ನಾಕ್ ಜನ ಒತ್ಕಂಡೋಗಕ್ಕೆ?”

ಮಾವ ಬಂದ ದಾರಿಯಲ್ಲೇ ಹಿಂದಿರುಗಿ, ಬಾಗಿನದ ಮೊರವನ್ನು ತಲೆಯ ಮೇಲೆ ಹೊತ್ತುತಂದು, ರಸ್ತೆಬದಿಯ ಟೀ ಅಂಗಡಿಯ ಮುಂದೆ ಅಕ್ಕನಿಗೆ ಕೊಟ್ಟ. ಅಮ್ಮ ಸೆರಗೊಡ್ಡಿ ತೆಗೆದುಕೊಂಡು ಮರಳಿ ಬಸ್ಸು ಹತ್ತಿದಳು. ಮದ್ದೂರಿನವರೆಗೂ ಕಿಟಕಿಯಿಂದಾಚೆ ನೋಡುತ್ತಿದ್ದವಳು ಅಲ್ಲಿ ಒಂದೇ ಮಾತು ಹೇಳಿದಳು: “ತವರ ಬಾಗ್ಲು ತುಳೀದೆ ಬಂದ್ನಲ್ಲೋ.”

ಮುಂದಿನ ವಾರವೇ ಮಾವ ಸೋಮನಹಳ್ಳಿಯ ಬಳಿ ಒಂದು ಗುಜರಿ ಅಂಗಡಿಯಲ್ಲಿ ಈ ಪ್ರಾಣಿಯನ್ನು ಕಂಡು, ಅಳೆದು, ಮನೆಗೆ ಎಳೆಸಿಕೊಂಡು ಬಂದ. ಅಳೆದದ್ದು ಅಗಲವನ್ನು ಮಾತ್ರ! ಏರಿಯ ಮೇಲೆ ಹಿಡಿಸಿದರೆ ಸಾಕಾಗಿತ್ತು. ಅದು ಓಡುತ್ತದೆಯೇ ಎಂಬ ಕ್ಷುಲ್ಲಕ ಸಂಗತಿಯನ್ನು ಅವನು ವಿಚಾರಿಸಲಿಲ್ಲ.

“ಲೋ ಅಳಿಮಯ್ಯ,” ಎಂದು ನನಗೆ ಫೋನು ಬಂತು. “ಬರೋ ಗೌರಿ ಅಬ್ಬಕ್ಕೆ ಅಕ್ಕ ಗಾಡೀಲಿ ಬತ್ತಾಳೆ. ಇದ್ಯಾವ ತಳಿ ಅಂತ ನೀ ಬಂದು ಓದಿ ಯೋಳು. ಅಳ್ಳಿಕಾರಾ, ಸೀಮೇದಾ?”

ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ಆದಕಾರಣ ಗೊಬ್ಬರದ ಚೀಲದಿಂದ ಹಿಡಿದು ಮಾತ್ರೆಯ ಹಾಳೆಯವರೆಗೆ, ಇಂಗ್ಲಿಷ್ ಅಕ್ಷರ ಎಲ್ಲೇ ಕಂಡರೂ ನನ್ನ ಮುಂದೆ ಹಿಡಿಯುವುದು ವಾಡಿಕೆ. ನನ್ನ ಪದವಿಯೋ ಇತಿಹಾಸದಲ್ಲಿ. ಎಂಜಿನ್ನಿನ ಮೇಲಿನ ತಗಡಿನಲ್ಲಿ ಅರ್ಧ ಅಂಕಿಯನ್ನುಳಿದು ಎಲ್ಲವೂ ಸವೆದಿತ್ತು. ಬಣ್ಣ ಕೆರೆದೆ: ನೀಲಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಹಳದಿ. ಉತ್ಖನನದ ಪಾಠ ಕಡೆಗೂ ಉಪಯೋಗಕ್ಕೆ ಬಂತೆಂದು ಹಿಗ್ಗಿದೆ. ಬೋಲ್ಟುಗಳಿಗೆ ನಮ್ಮ ಸ್ಪ್ಯಾನರುಗಳು ಕೂರಲಿಲ್ಲ. ಅವೆಲ್ಲ ಇಂಚಿನ ಲೆಕ್ಕದವು. ಫೋನಿನಲ್ಲಿ ನೂರಾರು ಚಿತ್ರಗಳನ್ನು ಹೋಲಿಸಿ ನೋಡಿ, ಇದು ನನಗಿಂತ ಹಿರಿಯ ವಯಸ್ಸಿನ, ವಿದೇಶದ ಹುಲ್ಲುಹಾಸು ಕತ್ತರಿಸುವ ಯಂತ್ರವೆಂದು ನಿರ್ಣಯಿಸಿದೆ. ಅಷ್ಟರಲ್ಲಿ ಮಾವ ಪ್ಲಗ್ಗು ಬಿಚ್ಚಿ, ಸಂತೆಯಲ್ಲಿ ಎತ್ತು ಕೊಳ್ಳುವವನಂತೆ ಬೆಳಕಿಗೆ ಹಿಡಿದಿದ್ದ.

“ಅಲ್ಲು ಸವೆದವೆ. ಮುದಿಯೆತ್ತು ಕಣ್ಲಾ. ಆದ್ರೆ ಮೈ ಗಟ್ಟಿ.”

ನನ್ನ ನಿರ್ಣಯವನ್ನು ಮಂಡಿಸಿದೆ. ಅತ್ತೆ ರಾಗಿ ಕೇರುವುದನ್ನು ನಿಲ್ಲಿಸಿ ಕೇಳಿದಳು:

“ಕುಯ್ದಿದ್ ಉಲ್ಲ ಅಸೀಗೆ ಆಕ್ತಾರಾ?”

“ಇಲ್ಲ ಅತ್ತೆ, ಬಿಸಾಡ್ತಾರೆ.”

“ಮತ್ಯಾಕೆ ಬೆಳೀತಾರೆ?”

“ಕತ್ತರಿಸೋದಕ್ಕೆ...”

ಮೂರು ವರ್ಷದ ವ್ಯಾಸಂಗ ಅಲ್ಲಿಗೆ ನಿಂತುಹೋಯಿತು. ಮಾವನೇ ಆ ಅಪರಿಚಿತ ದೇಶದವರ ಪರ ವಹಿಸಿದ: “ಸುಮ್ಕಿರಮ್ಮಿ, ಪಾಪ. ಅಸ ಇಲ್ದೋರು ಏನ್ ಮಾಡಾರು?”

ಅವನು ಮೊದಲು ಮಾಡಿದ ಕೆಲಸವೆಂದರೆ ಹೊಟ್ಟೆಯಡಿಯ ಬ್ಲೇಡನ್ನು ಕಳಚಿದ್ದು. “ಅಕ್ಕನ ಕಾಲು ಇದ್ರ ಮ್ಯಾಲೇ ಇರ್ತದಲ್ಲ,” ಎಂದ. ಬಳಿಕ ಆರೈಕೆ ಆರಂಭವಾಯಿತು. ಟ್ಯಾಂಕಿನಲ್ಲಿ ಗೋಂದಾಗಿದ್ದ ಹಳೆಯ ಪೆಟ್ರೋಲನ್ನು ಕೆರೆದು ತೆಗೆದ. ಕಾರ್ಬ್ಯುರೇಟರಿನ ರಂಧ್ರಗಳನ್ನು ಅತ್ತೆಯ ಸೂಜಿಯಿಂದ ಬಿಡಿಸಿದ. ಎಂಜಿನ್ನಿಗೆ ಆಯಿಲನ್ನು, ಎತ್ತಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟದಿಂದಲೇ ಕುಡಿಸಿದ. ಕುಡಿಸುವಾಗ ಬಾನೆಟ್ಟನ್ನು ಸವರುತ್ತಿದ್ದ. ಬೆಲ್ಟು ಮಾತ್ರ ಎಲ್ಲಿಯೂ ಸಿಗದೆ, ಮದ್ದೂರಿನ ಒಂದು ಹಿಟ್ಟಿನ ಗಿರಣಿಯ ಹಳೆಯ ಬೆಲ್ಟು ಆ ಸ್ಥಾನವನ್ನು ಅಲಂಕರಿಸಿತು. ಅದು ತಿರುಗಿದಾಗಲೆಲ್ಲ ಸುತ್ತಲೂ ರಾಗಿಹಿಟ್ಟಿನ ಸುವಾಸನೆ!

ಸಂಕ್ರಾಂತಿಗೆ ನಮ್ಮಲ್ಲಿ ದನಗಳನ್ನು ಕಿಚ್ಚು ಹಾಯಿಸುತ್ತಾರೆ. ನಮ್ಮ ‘ಮುದಿಯೆತ್ತ’ನ್ನು ಬಿಟ್ಟರೆ ಅದಕ್ಕೆ ಬೇಸರವಾಗದೇ? ಮಾವ ಟ್ಯಾಂಕನ್ನು ಕಳಚಿಟ್ಟು, ಉರಿಯುವ ಹುಲ್ಲಿನ ಮೇಲೆ ಅದನ್ನು ತಳ್ಳಿಸಿಯೇಬಿಟ್ಟ. ಮುನ್ನೆಚ್ಚರಿಕೆಯಾಗಿ ಬಿಂದಿಗೆ ಹಿಡಿದು ನಿಂತಿದ್ದ ಅತ್ತೆ, ಜ್ವಾಲೆ ಕಂಡೊಡನೆ ಪೂರ್ತಿ ನೀರನ್ನು ಸುರಿದಳು. ಯಂತ್ರದ ಮೇಲಲ್ಲ, ಮಾವನ ತಲೆಯ ಮೇಲೆ! “ಬೆಂಕಿ ಎಲ್ಲಿ ಅತ್ಕಂಡದೆ ಅಂತ ನಂಗೊತ್ತು,” ಎಂಬುದು ಅವಳ ಸಮರ್ಥನೆ.

ಸೋಮವಾರದ ರಜೆಯೂ ಹೀಗೆಯೇ ಬಂದದ್ದು. ಸೋಮವಾರ ಬಸವನ ದಿನ. ಆ ದಿನ ನಮ್ಮಲ್ಲಿ ಎತ್ತಿಗೆ ನೊಗ ಹೂಡುವುದಿಲ್ಲ. ಮಾವ ಅಂದು ಯಂತ್ರದ ಒಂದು ಬೋಲ್ಟನ್ನೂ ಮುಟ್ಟುತ್ತಿರಲಿಲ್ಲ.

“ಇದು ಎತ್ತಲ್ಲವಲ್ಲ ಮಾವ!”

“ಅದ್ಕೇನ್ ಗೊತ್ಲಾ, ತಾನು ಎತ್ತಲ್ಲ ಅಂತ?”

ಆಷಾಢದ ಒಂದು ಬೆಳಿಗ್ಗೆ ಅದು ಕೆಮ್ಮಿತು, ಸೀನಿತು, ಕೋಳಿಗಳನ್ನೆಲ್ಲ ಸೂರಿಗೇರಿಸಿ ಓಡತೊಡಗಿತು. ಮಾವ ಅದರ ಹಿಂಬದಿಗೆ ಒಂದು ಕುರ್ಚಿಯನ್ನು ಬೆಸೆದು, ಅಕ್ಕನ ಬದಲು ರಾಗಿಮೂಟೆಯನ್ನು ಕೂರಿಸಿ, ಏರಿಯ ಮೇಲೆ ದಿನವೂ ತಾಲೀಮು ನಡೆಸಿದ. “ಮೂಟೆ ಒಂದು ಕಿತಾನೂ ಬೀಳ್ನಿಲ್ಲ,” ಎಂದು ಫೋನಿನಲ್ಲಿ ವರದಿ ಒಪ್ಪಿಸಿದ. ಅಮ್ಮ ಸೀರೆ ತೆಗೆದಿಟ್ಟಳು. ನಾನು ಕ್ಯಾಲೆಂಡರ್ ನೋಡಿದೆ. ಆ ವರ್ಷದ ಗೌರಿ ಹಬ್ಬ ಸೋಮವಾರ!

ಕೂಡಲೇ ಫೋನು ಮಾಡಿದೆ. “ನೀ ಕರ್ಕ ಬಾ. ಮಿಕ್ಕಿದ್ದು ನಂಗಿರ್ಲಿ,” ಎಂದಿತು ಮಾವನ ದನಿ. ಒಂದು ದಿನದ ಮಟ್ಟಿಗೆ ನಿಯಮ ಸಡಿಲಿಸುವನೆಂದು ನಾನು ಸಮಾಧಾನಪಟ್ಟುಕೊಂಡೆ. ಮಾವನನ್ನು ಇಷ್ಟು ವರ್ಷ ಬಲ್ಲವನು ಹಾಗೆ ಭಾವಿಸಬಾರದಿತ್ತು.

ಸೇತುವೆಯ ಬಳಿ ಯಂತ್ರ ಮೈ ತೊಳೆದುಕೊಂಡು, ಚೆಂಡುಹೂವಿನ ಹಾರ ಧರಿಸಿ ನಿಂತಿತ್ತು. ಸದ್ದಿರಲಿಲ್ಲ. ಅದರ ಮೂತಿಗೆ ದಪ್ಪ ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಬರಿಗಾಲಿನ ಮಾವ.

“ಸ್ಟಾರ್ಟ್ ಮಾಡು ಮಾವ.”

“ಸೋಮಾರ ಕಣ್ಲಾ.”

“ಮತ್ತೆ?”

“ಅದ್ಕೆ ರಜ. ನಂಗೇನು ರಜವಾ?” ಎಂದವನೇ ಟವೆಲನ್ನು ಮಡಿಸಿ ಹೆಗಲಿಗಿಟ್ಟು, ಅದರ ಮೇಲೆ ಹಗ್ಗ ಎಳೆದುಕೊಂಡ. “ಅಕ್ಕ, ನೀ ಇಂದ್ಗಡೆ ಕುರ್ಚೀಲಿ ಬ್ಯಾಡ. ಮುಂದ್ಲು ಸೀಟ್ನಲ್ಲಿ ಕೂತ್ಕಂಡು ಸ್ಟೇರಿಂಗ್ ಇಡ್ಕೊ. ನಾ ಎಳೀತೀನಿ.”

‘ನಾನೇನು ಎಣವೇನ್ಲಾ’ ಎಂಬ ಉತ್ತರಕ್ಕೆ ನಾನು ಸಿದ್ಧನಾದೆ. ಜನ್ಮದಲ್ಲಿ ಸೈಕಲ್ಲಿನ ಹ್ಯಾಂಡಲನ್ನೂ ಹಿಡಿಯದ ಅಮ್ಮ ತಮ್ಮನನ್ನೇ ನೋಡುತ್ತ ನಿಂತಳು. ನರೆತ ತಲೆ, ಹೆಗಲ ಮೇಲೆ ಹಗ್ಗ. ನನ್ನ ಭುಜ ಹಿಡಿದು ಮೆಲ್ಲನೆ ಸೀಟಿನ ಮೇಲೆ ಕುಳಿತಳು. ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದಳು.

“ಏನ್ಲಾ, ಓಯ್ತೀಯೋ, ಬಾಲ ಮುರೀಲೋ?”

ಮಾವ ಗಹಗಹಿಸಿ ನಕ್ಕ. “ಅವತ್ತೂ ಇಂಗೇ ಅಂತಿದ್ದೆ ನೀನು! ಒಂದ್ ಕಿತಾನಾದ್ರೂ ನನ್ನ ಗಾಡಿ ಒಡ್ಯಕ್ಕೆ ಬುಟ್ಯಾ? ಯಾವಾಗ್ಲೂ ನಾನೇ ಎತ್ತು!”

ಆಗ ನನಗೆ ತಿಳಿಯಿತು. ಇದೇ ಏರಿಯ ಮೇಲೆ, ತಮ್ಮನ ಸೊಂಟಕ್ಕೆ ಹಗ್ಗ ಬಿಗಿದು, ಹಿಂದೆ ಓಡುತ್ತ ಗಾಡಿ ಹೊಡೆದ ಒಬ್ಬ ಹುಡುಗಿ ಇದ್ದಳು. ಅವಳನ್ನು ನಾನು ಅದುವರೆಗೂ ಕಂಡಿರಲಿಲ್ಲ.

ನಾನು ಹಿಂದಿನಿಂದ ತಳ್ಳಿದೆ. ಅಮ್ಮನ ಬೆನ್ನು ಮಾತ್ರ ಕಾಣುತ್ತಿತ್ತು, ದನಿ ಕೇಳುತ್ತಿತ್ತು. “ಓಯ್... ಎಡಕ್ ಬಾ ಮಗ. ಮೆತ್ತಗೆ, ಮೆತ್ತಗೆ.” ಮಾವ, ಕೊರಳಲ್ಲಿ ಗಂಟೆ ಇದ್ದವನ ಹಾಗೆ, ಆಗಾಗ ತಲೆ ಕೊಡವುತ್ತಿದ್ದ.

ತವರ ಬಾಗಿಲಲ್ಲಿ ಅತ್ತೆ ಕಾಲು ತೊಳೆಯಲು ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು. ಅಮ್ಮ ಇಳಿದು ಚೊಂಬನ್ನು ಕೈಗೆ ತೆಗೆದುಕೊಂಡಳು. ಹೊಸಿಲ ಕಡೆ ಹೋಗಲಿಲ್ಲ. ಕುಂಟುತ್ತ ಮುಂದೆ ನಡೆದು, ಏದುಸಿರು ಬಿಡುತ್ತಿದ್ದ ತಮ್ಮನ ಬಾಯಿಗೆ ಅದನ್ನು ಹಿಡಿದಳು.

“ಮೊದ್ಲು ಒಳೀಕ್ ಬಾ ಅತ್ಗೆ,” ಎಂದಳು ಅತ್ತೆ.

“ತಡಿ ಕಣಮ್ಮ,” ಎಂದಳು ಅಮ್ಮ. “ಗಾಡಿ ಬಿಚ್ಚುದ್ಮೇಲೆ ಮೊದ್ಲು ಎತ್ಗೆ ನೀರು.”