ಎರಡನೇ ಪಂಕ್ತಿ

ತೊಟ್ಟಿಲ ಶಾಸ್ತ್ರ ಸಂಜೆ ಐದಕ್ಕೆ, ಹುಕ್ಕೇರಿಯಲ್ಲಿ. ಕೂಸಿನ ತಂದೆ ಕಾಶಿನಾಥ ಮಾತ್ರ ಗೋಕಾಕದ ಕೃಷಿ ಆಫೀಸಿನಲ್ಲಿ, ಕಂಪ್ಯೂಟರಿನ ಮುಂದೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಗಾಜಿನಾಚೆಯಿಂದ ನೋಡಿದ್ದಷ್ಟೇ. ಆಮೇಲೆ ಕಬ್ಬಿನ ಹಂಗಾಮು, ರಜೆಯ ಮಾತೇ ಇಲ್ಲ. ಒಮ್ಮೆಯಾದರೂ ಎತ್ತಿಕೊಳ್ಳಬೇಕೆಂದು ಅವನ ಜೀವ ಹನ್ನೆರಡು ದಿನದಿಂದ ಹಂಬಲಿಸುತ್ತಿತ್ತು.

ಪೇಢೆ ಕೇಳಿಯಾರೆಂದು ಆಫೀಸಿನಲ್ಲಿ ಕೂಸಿನ ಸುದ್ದಿಯನ್ನೇ ಎತ್ತಿರಲಿಲ್ಲ ಪುಣ್ಯಾತ್ಮ. "ಊರಿಗೆ ಹೋಗೂದೈತ್ರಿ" ಎಂದಷ್ಟೇ ಸಾಹೇಬ ಸತ್ಯಪ್ಪನವರಿಗೆ ಹೇಳಿದ್ದ.

"ನಮ್ಮ ತಾಲೂಕಿನ ಕಬ್ಬಿನ ಅಂದಾಜು ಮುಗಿಸಿ ಹೋಗಪಾ."

ಹೊಲದ ಚಿತ್ರ ನೋಡಿ ಇಳುವರಿ ಅಂದಾಜು ಮಾಡುವ ಆ ಹೊಸ ಯಂತ್ರಕ್ಕೆ ನೂರಾ ಇಪ್ಪತ್ತೆಂಟು ಪ್ರೊಸೆಸರ್. ಆದರೂ ಒಂಬತ್ತಕ್ಕೆ ಹಚ್ಚಿದ ಕೆಲಸ ಹನ್ನೆರಡಕ್ಕೆ ಅರ್ಧವಷ್ಟೇ ಆಗಿತ್ತು. "ಯಂತ್ರಕ್ಕ ಸೆಕಿ ಆಗೇತ್ರಿ" ಎನ್ನುತ್ತ ಜವಾನ ಸಿದ್ರಾಯ ಟೇಬಲ್ ಫ್ಯಾನ್ ತಂದ. ಅದರ ಪ್ಲಗ್ಗಿಗೆ ಜಾಗ ಬೇಕಲ್ಲ, ಯಂತ್ರದ ಪ್ಲಗ್ಗನ್ನೇ ಕಿತ್ತ.

"ಏನ್ ಮಾಡಿದ್ಯೋ ಸಿದ್ರಾಯಾ!"

"ಗಾಳಿ ಬರಾಕತ್ತೈತಿಲ್ರಿ?"

ಮತ್ತೆ ಮೊದಲಿನಿಂದ ಶುರು. ಅಳು ಬರುವಂತಾಗಿ ಪರದೆ ನೋಡಿದ ಕಾಶಿನಾಥನಿಗೆ ಆಗ ಕಳ್ಳ ಸಿಕ್ಕ. ಅರವತ್ನಾಲ್ಕು ಪ್ರೊಸೆಸರ್ ಏದುಸಿರು ಬಿಡುತ್ತಿವೆ, ಇನ್ನರವತ್ನಾಲ್ಕು ಆರಾಮಾಗಿ ಕೂತಿವೆ! ಯಂತ್ರ ಅವನ್ನು ಎರಡು ಗುಂಪು ಮಾಡಿತ್ತು. ನಾವಾಗಿ ಹೇಳದಿದ್ದರೆ ಪ್ರೋಗ್ರಾಮು ಒಂದೇ ಗುಂಪನ್ನು ದುಡಿಸುತ್ತದೆ. ಎರಡು ಪಂಕ್ತಿ ಕೂತಿದ್ದರೂ ಬಡಿಸುವವನು ಒಂದೇ ಪಂಕ್ತಿಗೆ ಬಡಿಸಿದ ಹಾಗೆ. ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಿಸಿದ. ನೂರಾ ಇಪ್ಪತ್ತೆಂಟೂ ಎದ್ದವು. ಮೂರಕ್ಕೆ ಕೆಲಸ ಮುಗಿಯಿತು. ಬಸ್ಸು ಮೂರೂವರೆಗೆ.

ಚೀಲ ಹೆಗಲಿಗೇರಿಸಿ, ಪಂಕ್ತಿಯ ಕತೆಯನ್ನು ಹೆಮ್ಮೆಯಿಂದ ಸಾಹೇಬರಿಗೆ ಹೇಳಿದ.

"ಶಾಬಾಸ್!" ಎಂದರು ಸತ್ಯಪ್ಪ. "ಹಂಗಾದ್ರ ಈಗ ಹುಕ್ಕೇರಿ ತಾಲೂಕಿಂದೂ ಹಚ್ಚು. ಅಲ್ಲೀ ಆಪರೇಟರ್ ಅಭಿಷೇಕ ಇವತ್ತ ರಜಾದಾಗ ಅದಾನ. ಅವರಕ್ಕನ ಕೂಸಿನ ತೊಟ್ಟಿಲಂತ. ಸೋದರಮಾವ ಇಲ್ಲದ ಹೆಂಗ ನಡಿತೈತಿ?"

ಕಾಶಿನಾಥನ ಹೆಗಲಿನಿಂದ ಚೀಲ ಜಾರಿತು. "ರೀ ಸಾಹೇಬ್ರ, ಆ ಕೂಸು ನಂದರಿ!"

ಸತ್ಯಪ್ಪನವರು ಕನ್ನಡಕ ತೆಗೆದು ನೋಡಿದರು. "ಮೊದಲ ಹೇಳಬಾರದೇನೋ? ಅವಂಗ ಕೊಟ್ಟಬಿಟ್ಟೇನಿ. ಒಂದ ತೊಟ್ಟಿಲಿಗೆ ಎರಡು ರಜಾ ಹೆಂಗ ಕೊಡ್ಲಿ?" ಕನ್ನಡಕ ಮತ್ತೆ ಏರಿಸಿಕೊಂಡು ಕೇಳಿದರು, "ಅಂದಂಗ, ಪೇಢೆ ಎಲ್ಲಿ?"

ಐದೂಕಾಲಿಗೆ ಫೋನಿಗೆ ಫೋಟೊ ಬಂತು. ಅಭಿಷೇಕನ ತೊಡೆಯ ಮೇಲೆ ಕೂಸು, ಅವನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಪೇಢೆ ತಿನ್ನುತ್ತಿದ್ದ ಸಿದ್ರಾಯ ಫ್ಯಾನನ್ನು ಕಾಶಿನಾಥನ ಕಡೆ ತಿರುಗಿಸಿದ. ಕಾಶಿನಾಥ ತನ್ನ ಬೆರಳನ್ನೊಮ್ಮೆ ನೋಡಿಕೊಂಡು, ಪರದೆಯ ಮೇಲೆ ಹುಕ್ಕೇರಿಯ ಮತ್ತೊಂದು ಹೊಲದ ಚಿತ್ರ ತೆರೆದ.