ಅತ್ತೆಗೆ ಆನೆ ಸಿನಿಮಾ ತೋರಿಸಿದ್ದು

ಅತ್ತೆಯವರಿಗೆ ಇಂಗ್ಲಿಷ್ ಕಾರ್ಟೂನ್ ಸಿನಿಮಾ ತೋರಿಸಿ, ಅದರ ಒಂದೊಂದು ಮಾತನ್ನೂ ಅವರ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತೇನೆ ಎಂದು ನಾನು ಘೋಷಿಸಿದೆ! ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿರುವ ನನ್ನ ಹೆಂಡತಿ ನಯನಾ ಉತ್ತರಪತ್ರಿಕೆಗಳಿಂದ ತಲೆಯನ್ನೂ ಎತ್ತಲಿಲ್ಲ.

“ರೀ, ಅವ್ರು ಮಾತಾಡೋ ಸ್ಪೀಡು ನಿಮಗೆ ಅರ್ಥ ಆಗುತ್ತಾ?”

“ಆಫೀಸಲ್ಲಿ ದಿನಾ ಇಂಗ್ಲಿಷ್ ಮೇಲ್ ಓದೋನು ಕಣೇ ನಾನು! ಆನೆ ಮಾತಾಡೋ ಇಂಗ್ಲಿಷ್ ಬರಲ್ವಾ?”

ರಾಜಾನುಕುಂಟೆಯಿಂದ ಅಟ್ಟೂರಿನ ನಮ್ಮ ಮನೆಗೆ ಬಂದಿದ್ದ ಅತ್ತೆ ಮುನಿಯಲ್ಲಮ್ಮನವರು ಮದುವೆಗೆ ಹೊರಟಂತೆ ರೇಷ್ಮೆ ಸೀರೆ ಉಟ್ಟು ತಯಾರಾದರು. ನಯನಾಳನ್ನು ಉತ್ತರಪತ್ರಿಕೆಗಳ ಜೊತೆ ಬಿಟ್ಟು ನಾವಿಬ್ಬರೇ ಹೆಬ್ಬಾಳದ ಮಾಲಿನ ಥಿಯೇಟರಿಗೆ ಹೋಗಿ ಕೂತೆವು.

ಮೊದಮೊದಲು ನನ್ನ ವ್ಯಾಖ್ಯಾನ ಅಮೋಘವಾಗಿತ್ತು. “ಅದು ಮರಿ ಆನೆ ಅತ್ತೆ. ಇದು ಅದರಮ್ಮ.” ಕಣ್ಣಿಗೆ ಕಾಣುವುದನ್ನು ಹೇಳಲು ಏನು ಕಷ್ಟ! ಆಮೇಲೆ ಬೇಟೆಗಾರರು ನುಗ್ಗಿದರು. ಎಲ್ಲ ಪ್ರಾಣಿಗಳೂ ಒಟ್ಟಿಗೆ ಕೂಗಾಡಿದವು. ನನಗೆ ಒಂದಕ್ಷರ ತಿಳಿಯಲಿಲ್ಲ. ಅಮ್ಮ ಆನೆ ಮರದ ಕೆಳಗೆ ಬಿದ್ದು ಕಣ್ಣು ಮುಚ್ಚಿತು.

“ಏನಾಯ್ತು ಅಳಿಯಂದ್ರೇ?”

“ಸತ್ತೋಯ್ತು ಅತ್ತೆ.”

“ಅಯ್ಯೋ ನನ್ನವ್ವಾ! ಕೂಸ್ನ ಬುಟ್ಟು ಓದ್ಯಲ್ಲೇ!” ಅತ್ತೆ ಎದೆ ಬಡಿದುಕೊಂಡು ಗೋಳಾಡಿದರು. ಅಲ್ಲಿಯವರೆಗೆ ಪಾಪ್‌ಕಾರ್ನ್ ತಿನ್ನುತ್ತಿದ್ದ ಮುಂದಿನ ಸಾಲಿನ ಮಕ್ಕಳೂ ಇವರ ಮುಖ ನೋಡಿ ಅಳತೊಡಗಿದರು.

ಮುಂದಿನ ದೃಶ್ಯದಲ್ಲಿ, ಹೊಳೆಯ ದಡದಲ್ಲಿ ನಿಂತಿದ್ದ ಮರಿಯ ಹತ್ತಿರ ಒಂದು ಆನೆ ಗಜಗಮನದಿಂದ ಬಂತು. ನೋಡಿದರೆ ಅದೇ ಆನೆ!

“ಅದೇ ಅಲ್ವಾ ಇದು?” ಎಂದರು ಅತ್ತೆ.

“ತಪ್ಪಾಯ್ತು ಅತ್ತೆ, ನನಗೆ ಅರ್ಥ ಆಗಿರಲಿಲ್ಲ” ಎಂದುಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಮಾನ ಬಿಡಬೇಕಲ್ಲ! “ಅಲ್ಲ ಅತ್ತೆ, ಇವಳು ಸತ್ತವಳ ತಂಗಿ. ನೋಡೋಕೆ ಒಂದೇ ಥರ” ಎಂದೆ.

ಅಷ್ಟರಲ್ಲಿ ಅಪ್ಪ ಆನೆ ಬಂದು ಅವಳ ಸೊಂಡಿಲಿಗೆ ಸೊಂಡಿಲು ಹೆಣೆಯಬೇಕೇ?

ಅತ್ತೆ ಎದ್ದು ನಿಂತರು. “ಥೂ! ಅಕ್ಕನ ಮೈ ಇನ್ನೂ ಆರಿಲ್ಲ, ಆಗ್ಲೇ ಬಾವನ ಸೊಂಡ್ಲು ಇಡ್ಕೊಂಡವ್ಳೆ! ನಾಚ್ಕೆ ಆಗಲ್ವೇನೇ ನಿಂಗೆ?”

ಟಾರ್ಚ್ ಹಿಡಿದು ಬಂದವನು ಬೆಳಕನ್ನು ನೇರ ನನ್ನ ಮುಖಕ್ಕೇ ಬಿಟ್ಟ. ನಾನು ಸೀಟಿನಲ್ಲಿ ಜಾರಿ ಜಾರಿ ಅರ್ಧ ನೆಲಕ್ಕಿಳಿದೆ. ನನ್ನ ಅನುವಾದದಿಂದ ಒಂದು ಗರತಿ ಆನೆಗೆ ಅಪವಾದ ಬಂತಲ್ಲ ಎಂಬ ಸಂಕಟ ಬೇರೆ!

ಊರಿಗೆ ಹೋದ ಅತ್ತೆ ಆ ‘ನಾಚಿಕೆಗೆಟ್ಟ ತಂಗಿ’ಯ ಕತೆಯನ್ನು ಬೀದಿಗೆಲ್ಲ ಹೇಳಿದರು. ಪಕ್ಕದ ಮನೆಯ ಗೋಪಾಲಮ್ಮನವರಂತೂ ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಯುಗಾದಿಗೆ ತಮ್ಮ ಸ್ವಂತ ತಂಗಿಯನ್ನೇ ಮನೆಗೆ ಕರೆಯಲಿಲ್ಲವಂತೆ!

ಮಳೆಗಾಲದ ಹೊತ್ತಿಗೆ ಆ ಸಿನಿಮಾದ ಡಿವಿಡಿ ಬಂತು. ಒಂದು ಭಾನುವಾರ ಗೋಪಾಲಮ್ಮನವರನ್ನು ಕರೆದುಕೊಂಡು ಅತ್ತೆ ಬಂದೇಬಿಟ್ಟರು. ಡಿವಿಡಿ ಕೆಟ್ಟಿದೆ ಎಂದೆ. ಕರೆಂಟ್ ಹೋಗುತ್ತದೆ ಎಂದೆ. ನಯನಾ ಕೇಳಲಿಲ್ಲ, ಹಾಕಿಯೇಬಿಟ್ಟಳು.

“ಈಗ ಬತ್ತಾಳೆ ನೋಡು ಗೋಪಾಲಮ್ಮ, ತಂಗಿ!” ಎಂದರು ಅತ್ತೆ.

ನಯನಾ ಸಿನಿಮಾ ನಿಲ್ಲಿಸಿದಳು. “ಯಾವ ತಂಗಿ? ಅದು ಅಮ್ಮಾನೇ. ಬೇಟೆಗಾರರಿಂದ ತಪ್ಪಿಸ್ಕೊಳ್ಳೋಕೆ ಸತ್ತಂಗೆ ನಾಟಕ ಆಡ್ತೀನಿ ಅಂತ ಮರಿಗೆ ಮೊದ್ಲೇ ಹೇಳ್ತಾಳಲ್ಲ!”

ಮೂವರು ಹೆಂಗಸರೂ ನನ್ನ ಕಡೆ ತಿರುಗಿದರು. ಅತ್ತೆ ಟಿವಿಯ ಮುಂದೆ ಕೈಮುಗಿದು, “ತಪ್ಪಾಯ್ತು ಕಣವ್ವಾ, ಏನೇನೋ ಅಂದ್ಬುಟ್ಟೆ” ಎಂದು ಆನೆಯ ಕ್ಷಮೆ ಕೇಳಿದರು. ಗೋಪಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಒಂದಾನೆ ಮಾತಿಗೆ ಒಡಹುಟ್ಟಿದೋಳ್ನ ದೂರ ಮಾಡ್ಕೊಂಡ್ನಲ್ಲವ್ವಾ! ಒಂದ್ ಫೋನ್ ಮಾಡ್ಕೊಡು.” ನಯನಾ ಫೋನ್ ಮಾಡಿಕೊಟ್ಟಳು. ಅಕ್ಕ ಇಲ್ಲಿ ಬಿಕ್ಕಿದರೆ ತಂಗಿ ಅಲ್ಲಿ ಬಿಕ್ಕುವುದು ನನಗೂ ಕೇಳಿಸಿತು. ಎಲ್ಲಿಗಾದರೂ ಓಡಿಹೋಗೋಣ ಎನಿಸಿತು. ಬಾಗಿಲಿಗೆ ಅಡ್ಡವಾಗಿ ಅತ್ತೆಯೇ ಕೂತಿದ್ದರು.

ಏನಾದರೂ ಹೇಳಿ ಉಳಿಸಿಕೊಳ್ಳೋಣವೆಂದು ಗಂಟಲು ಸರಿ ಮಾಡಿಕೊಂಡೆ. “ಅಂದ್ರೆ ಅತ್ತೆ, ಇಲ್ಲಿ ಡೈರೆಕ್ಟರ್ ಉದ್ದೇಶ ಏನು ಅಂದ್ರೆ...”

ಅತ್ತೆ ನನ್ನತ್ತ ನೋಡಲಿಲ್ಲ. ಮಗಳ ಕಡೆ ಬಾಗಿ ಕೇಳಿದರು:

“ನಯನಾ, ಆ ರಿಮೋಟ್ನಾಗೆ ಅಳಿಯಂದ್ರ ಸೌಂಡ್ ಕಮ್ಮಿ ಮಾಡೋ ಬಟನ್ ಐತೇನವ್ವಾ?”